ಕೃಷ್ಣನ ಪಕ್ಕದ ಕಿಯಾಪೊ ಟವೆಲು

ನಾನು ದೇವರನ್ನು ನಂಬುವವಳು, ಪವಾಡಗಳನ್ನಲ್ಲ. ಯಾರಾದರೂ ಅಂಥ ಕತೆ ಶುರು ಮಾಡಿದರೆ ‘ಹೌದಾ’ ಎಂದು ಸಾರಿಗೆ ಒಗ್ಗರಣೆ ಹಾಕಲು ಏಳುತ್ತಿದ್ದೆ. ಈಗ ನೀವೂ ಹಾಗೆ ಎದ್ದು ಹೋಗಬಹುದು, ಬೇಸರವಿಲ್ಲ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ.

ಅಮೆರಿಕದ ಹಿಲ್ಸ್‌ಬರೋದಲ್ಲಿ ನಮ್ಮ ಪಕ್ಕದ ಮನೆಯವಳು ಮಾರಿಸೆಲ್, ಫಿಲಿಪ್ಪೀನ್ಸಿನ ನರ್ಸ್. ಹುಟ್ಟಿದ್ದು ಮನಿಲಾದ ಕಿಯಾಪೊ ಎಂಬ ಹಳೆಯ ಪೇಟೆಯಲ್ಲಿ. ನಮ್ಮ ಕೆರೆಗಳಲ್ಲಿ ತೇಲುತ್ತದಲ್ಲ ಅಂತರಗಂಗೆ, ಅದರ ಹೆಸರೇ ಆ ಪೇಟೆಗೂ. ಚರ್ಚಿನ ಮುಂದೆ ದುಂಡುಮಲ್ಲಿಗೆ ಮಾಲೆ, ನಾರುಬೇರಿನ ಔಷಧಿ, ಹರಕೆಗೊಂದು ಬಣ್ಣದ ಮೇಣದಬತ್ತಿ. ಸ್ವಲ್ಪ ಆಚೆ ಚಿನ್ನದ ಬಣ್ಣದ ಗುಮ್ಮಟದ ಮಸೀದಿ. ಚರ್ಚಿನೊಳಗೆ ಶಿಲುಬೆ ಹೊತ್ತ ಕಪ್ಪು ಯೇಸು, ಮರದ ಮೂರ್ತಿ. ಮೆಕ್ಸಿಕೊದಿಂದ ಹಡಗಿನಲ್ಲಿ ಬಂದದ್ದಂತೆ. ಚರ್ಚು ಎಷ್ಟೋ ಸಲ ಸುಟ್ಟರೂ ಮೂರ್ತಿ ಉಳಿಯಿತಂತೆ. ಜನವರಿಯ ಮೆರವಣಿಗೆಯಲ್ಲಿ ಜನ ಬರಿಗಾಲಲ್ಲಿ ಮೂರ್ತಿಯ ತೇರಿನ ಹಗ್ಗ ಎಳೆಯುತ್ತ ಮೇಲಕ್ಕೆ ಟವೆಲು ಎಸೆಯುತ್ತಾರೆ. ತೇರಿನ ಮೇಲಿದ್ದವರು ಅದನ್ನು ಮೂರ್ತಿಗೆ ಒರೆಸಿ ವಾಪಸ್ ಎಸೆಯುತ್ತಾರೆ. ಆ ಟವೆಲೇ ಪ್ರಸಾದ.

ಅಂಥದ್ದೊಂದು ಬಿಳಿ ಟವೆಲು ಹಿಡಿದು ಮಾರಿಸೆಲ್ ಹಿಂದೊಮ್ಮೆ ಬಂದಿದ್ದಳು. “ನಿಮ್ಮ ಉಡುಪಿ ಕೃಷ್ಣನೂ ಕಪ್ಪು, ಅವನೂ ಹಡಗಲ್ಲೇ ಬಂದದ್ದು ಅಂದ್ರಲ್ಲ. ಇಬ್ರೂ ಒಟ್ಟಿಗಿರಲಿ ಅಕ್ಕ.” ಅವಳ ಮಾತೆಲ್ಲ ಇಂಗ್ಲಿಷ್, ‘ಅಕ್ಕ’ ಮಾತ್ರ ನಾನು ಕಲಿಸಿದ್ದು. ಮಡಿಯ ನೆಪ ಹೇಳಿ ನಗುತ್ತಲೇ ಬೇಡವೆಂದಿದ್ದೆ.

ಮುಂದಿನ ಜನವರಿ. ಇಲ್ಲಿ ಸಂಜೆ, ಅಲ್ಲಿ ಮರುದಿನದ ಬೆಳಗು. ನಾನು ಹೊಸ್ತಿಲಿಗೆ ಅರಿಶಿನ ಬಳಿಯುತ್ತಿದ್ದೆ. ಮಾರಿಸೆಲ್ ಕೋಟೂ ಇಲ್ಲದೆ ಹಿಮದಲ್ಲಿ ಓಡಿಬಂದಳು. ಮೆರವಣಿಗೆಗೆ ಹೋಗಿದ್ದ ಅವಳ ವಯಸ್ಸಾದ ತಾಯಿ ನೂಕುನುಗ್ಗಲಿನಲ್ಲಿ ಕೈತಪ್ಪಿಹೋಗಿದ್ದರು, ಜನ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಅವಳ ತಮ್ಮ ಅಲ್ಲಿಂದ ಫೋನು ಮಾಡಿದ್ದ.

“ಅಕ್ಕ, ನಿಮ್ಮವನಿಗೂ ಒಂದು ಮಾತು ಹೇಳಿ.” ಕೈಯಲ್ಲಿ ಅದೇ ಟವೆಲು.

ಆಗ ಮಡಿ ಎಲ್ಲಿ ನೆನಪಾಗಬೇಕು? ಅರಿಶಿನದ ಒದ್ದೆ ಕೈಯಲ್ಲೇ ಇಸಿದುಕೊಂಡು ಕೃಷ್ಣನ ಪಕ್ಕ ಇಟ್ಟೆ, ಅದರ ಮೇಲೆ ಬಲಗೈ ಒತ್ತಿ ಕೂತೆ. ಸ್ವಲ್ಪ ಹೊತ್ತಿಗೆ ಆ ಕೈ ಭಾರವಾಯಿತು. ಬಾವಿಯಿಂದ ತುಂಬಿದ ಕೊಡ ಸೇದುವಾಗ ಭುಜ ಕಿತ್ತುಬರುತ್ತದಲ್ಲ, ಹಾಗೆ. ನಾನು ಕೈ ತೆಗೆಯಲಿಲ್ಲ. ಆಮೇಲೆ ತಟ್ಟನೆ ಹಗುರಾಯಿತು.

ಅಷ್ಟರಲ್ಲಿ ಫೋನು. ವಿಡಿಯೋದಲ್ಲಿ ಮಾರಿಸೆಲ್‌ಳ ತಾಯಿ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತು ನೀರು ಕುಡಿಯುತ್ತಿದ್ದರು. ಯಾರೋ ಹೆಂಗಸು ಮಣಿಕಟ್ಟು ಹಿಡಿದು ಎಳೆದು ತಂದಳಂತೆ, ಮುಖ ಕಾಣಲಿಲ್ಲವಂತೆ, ಗಾಜಿನ ಬಳೆ ಒತ್ತಿದ್ದು ಮಾತ್ರ ಗೊತ್ತಂತೆ. ಕೈ ಎತ್ತಿ ತೋರಿಸಿದರು. ಮಣಿಕಟ್ಟಿನ ಮೇಲೆ ಹಳದಿ ಬೆರಳ ಗುರುತು.

ನಾವಿಬ್ಬರೂ ನನ್ನ ಕೈ ನೋಡಿದೆವು. ಆಮೇಲೆ ಟವೆಲು ನೋಡಿದೆವು. ಬೆಳ್ಳಗಿತ್ತು, ಒಂದು ಚುಕ್ಕೆ ಅರಿಶಿನವಿಲ್ಲ.

“ಅಲ್ಲಿ ಎಷ್ಟೋ ಜನರ ಕೈಲಿ ಹಳದಿ ಟವೆಲು ಇರುತ್ತೆ ಕಣೇ, ಬಣ್ಣ ಬಿಟ್ಟಿರುತ್ತೆ” ಎಂದರು ನಮ್ಮ ಮನೆಯವರು.

“ಒಂದು ದಿನವೂ ಪಂಚೆ ಒಗೆಯದವರು ಬಣ್ಣದ ಮಾತು ಆಡಬೇಡಿ” ಎಂದೆ.

ಭಜನೆಗೆ ಬಂದ ಆಂಟಿಯೊಬ್ಬರು ಕೇಳಿದರು, “ಬೇರೆ ದೇವರ ಬಟ್ಟೆ ಕೃಷ್ಣನ ಪಕ್ಕ ಇಟ್ಕೊಂಡಿದ್ದೀರಂತೆ. ನಿಮ್ಮನೇಲಿ ನೀರು ಕುಡಿಯೋದು ಹೇಗ್ರೀ?”

“ಬಾಟ್ಲಿ ತನ್ನಿ” ಎಂದೆ.

ಮಾರಿಸೆಲ್‌ಳ ತಾಯಿ ಈಗಿಲ್ಲ. ಯಾರ ಕಾಲಡಿಯಲ್ಲೂ ಅಲ್ಲ, ತಮ್ಮ ಹಾಸಿಗೆಯಲ್ಲಿ, ಮಗಳ ಕೈ ಹಿಡಿದು ಹೋದರು. ಇಷ್ಟು ಕರುಣೆ ಸಾಕಲ್ಲವೇ.

ಟವೆಲು ನಮ್ಮ ದೇವರ ಮನೆಯಲ್ಲೇ ಇದೆ. ಪ್ರತಿ ಜನವರಿ ಆ ಸಂಜೆ ಅರಿಶಿನದ ಕೈಯಿಂದ ಅದನ್ನು ಮುಟ್ಟುತ್ತೇನೆ. ಪ್ರತಿ ಸಲವೂ ಕಲೆಯಾಗುತ್ತದೆ, ಒಗೆದರೂ ಹೋಗುವುದಿಲ್ಲ. ಆ ಒಂದು ಸಂಜೆ ಮಾತ್ರ ಯಾಕಾಗಲಿಲ್ಲ, ನನಗೆ ಗೊತ್ತಿಲ್ಲ. ಗೊತ್ತಿಲ್ಲವೆಂದು ಅದನ್ನು ಕೃಷ್ಣನ ಪಕ್ಕದಿಂದ ಎತ್ತುವವಳಲ್ಲ ನಾನು.