ಒಳಗಿನಿಂದ ತೆರೆಯುವ ಹಲಗೆ

ಬಾಯೂ ಕಾಲುವೆಯ ನೀರು ಬೆಳ್ಳಗಾಗುವ ಮುಂಚೆಯೇ ಅಲ್ಸೀ ವರ್ಡಿನ್ ಏಣಿ ಹೊತ್ತು ಮಿಸ್ ಆಡೀಲ್ ಮನೆಯ ಕದ ತಟ್ಟುತ್ತಿದ್ದಾರೆ. ಚಂಡಮಾರುತ ದಾಟಿ ನಾಲ್ಕು ದಿನವಾಯಿತು. ಊರಿಗೆ ಕರೆಂಟ್ ಇಲ್ಲ. ಈ ಹೊತ್ತಿಗೇ ಅಂಗಿ ಬೆನ್ನಿಗೆ ಅಂಟಿದೆ. ಗಾಳಿಗೆ ಗಾಜು ಒಡೆಯದಿರಲೆಂದು ಮನೆಯ ಕಿಟಕಿಗಳ ಮೇಲೆ ಹೊಡೆದ ಪ್ಲೈವುಡ್ ಹಲಗೆಗಳು ಇನ್ನೂ ಇವೆ, ಅವನ್ನು ಹೊಡೆದವರೂ ಅಲ್ಸೀಯೇ.

"ಹಲಗೆ ತೆಗೀತೀನಿ, ಮಿಸ್ ಆಡೀಲ್."

"ಮುಟ್ಬೇಡ. ಕೊಲ್ಲೀಲಿ ಇನ್ನೊಂದು ಎದ್ದಿದೆಯಂತೆ. ಮತ್ತೆ ಹೊಡೆಯೋಕೆ ನಿಮ್ಮಪ್ಪ ಎದ್ದು ಬರ್ತಾನಾ?" ಒಳಗಿನಿಂದ ಮುದುಕಿಯ ಮಾತು ಬರುತ್ತದೆ. ಅಲ್ಸೀ ನಗುತ್ತಾರೆ. ಅಪ್ಪ ಸತ್ತು ಇಪ್ಪತ್ತು ವರ್ಷವಾಗಿದೆ.

ಅರವತ್ತು ದಾಟಿದ ಈ ಬಡಗಿ, ಬಿರುಗಾಳಿಯ ಕಾಲದಲ್ಲಿ ಲೂಸಿಯಾನಾದ ಈ ಸೀಗಡಿ ಹಿಡಿಯುವ ಊರಿಗೆಲ್ಲ ಬೇಕಾದವರು. ಗಾಳಿಯ ಸುದ್ದಿ ಬಂದರೆ ದಿನಕ್ಕೆ ಹತ್ತು ಹನ್ನೆರಡು ಮನೆಗೆ ಹಲಗೆ ಹೊಡೆಯುತ್ತಾರೆ. ತೆಗೆಯಲು ಕರೆಯುವವರು ಅದರ ಅರ್ಧವೂ ಇಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ಅವರಾಗಿಯೇ ಹೋಗಿ ತೆಗೆಯುತ್ತಾರೆ, ಬೈಸಿಕೊಳ್ಳುತ್ತಾರೆ.

ಮೂರು ವರ್ಷದ ಹಿಂದೆ ಅವರ ಚಿಕ್ಕಮ್ಮ ಯೂಲಾ ಸತ್ತದ್ದು ಗಾಳಿಗಲ್ಲ, ಹಲಗೆ ಮುಚ್ಚಿದ ಮನೆಯೊಳಗಿನ ಸೆಖೆಗೆ. ಗಾಳಿ ಹೋಯಿತಲ್ಲ, ಇನ್ನೇನು ಕೇಳುವುದು ಎಂದು ಆಕೆ ಬ್ಯಾಟರಿ ಉಳಿಸಲು ರೇಡಿಯೊ ಆರಿಸಿದ್ದರು. ಸೆಖೆಯ ಎಚ್ಚರಿಕೆ ಬಂದದ್ದು ಆಮೇಲೆ.

"ಒಂದು ಗಾಜೂ ಒಡೆದಿರಲಿಲ್ಲ. ಎಷ್ಟು ಗಟ್ಟಿ ಹೊಡೆದಿದ್ದೀಯ ಅಂತ ಜನ ಹೊಗಳಿದ್ರು. ಒಳಗೆ ಹೋದ್ರೆ ಬ್ರೆಡ್ ಸುಡೋ ಒಲೆ. ಮೊಳೆ ನಂದೇ ಅಲ್ವಾ?" ಆ ಸಾವಿನ ಬಗ್ಗೆ ಕೇಳಿದವರಿಗೆ ಅಲ್ಸೀ ಏಣಿ ನೋಡುತ್ತಾ ಹೇಳುತ್ತಾರೆ.

ಅಂದಿನಿಂದ, ಒಳಗೆ ಗಾಳಿ ಆಡಲೆಂದು, ಪ್ರತಿ ಮನೆಯಲ್ಲೂ ಎದುರುಬದುರು ಎರಡು ಹಲಗೆಗಳಿಗೆ ಮೊಳೆಯಿಲ್ಲ. ಒಳಗಿನಿಂದ ಬೆರಳಲ್ಲೇ ತಿರುಗಿಸಿ ಬಿಚ್ಚುವ ತಿರುಪು ಹಾಕುತ್ತಾರೆ. "ಹಲಗೆಗೂ ಬಾಗಿಲು ಇಡೋನು" ಎಂದು ದೋಣಿಕಟ್ಟೆಯಲ್ಲಿ ಗೆಳೆಯರು ಆಡಿಕೊಳ್ಳುತ್ತಾರೆ. ಮಿಸ್ ಆಡೀಲ್ ಮನೆಯಲ್ಲೂ ಅಂಥವೆರಡಿವೆ. ಆಕೆ ತೆರೆದಿಲ್ಲ.

ಕೊನೆಗೆ ಬಾಗಿಲು ತೆರೆಯುತ್ತದೆ. ಬಿಸಿಗಾಳಿ ಮುಖಕ್ಕೆ ಬಡಿಯುತ್ತದೆ. ಮುದುಕಿ ಸ್ವೆಟರ್ ತೊಟ್ಟು ನಿಂತಿದ್ದಾರೆ.

"ಚಳಿ ಕಣೋ. ಬಾ ಕ್ಲೆಬೆರ್, ಕಾಫಿ ಕುಡಿ."

ಕ್ಲೆಬೆರ್ ಎಂಬುದು ಅಲ್ಸೀಯ ಅಪ್ಪನ ಹೆಸರು. ಈ ಸಲ ಅವರು ನಗುವುದಿಲ್ಲ. ಆಕೆಯ ಕೈ ಹಿಡಿದು ನೋಡುತ್ತಾರೆ, ಕೆಂಡದಂತೆ ಸುಡುತ್ತಿದೆ, ಒಂದು ಹನಿ ಬೆವರಿಲ್ಲ. ಸ್ವೆಟರ್ ಕಳಚಿ, ಆಂಬುಲೆನ್ಸ್‌ಗೆ ಫೋನ್ ಮಾಡುತ್ತಾರೆ. ದಾರಿಯಲ್ಲಿ ಮರಗಳು ಬಿದ್ದಿವೆ, ತಡವಾಗುತ್ತದೆ ಎನ್ನುತ್ತಾರೆ ಆಂಬುಲೆನ್ಸಿನವರು. ಅಲ್ಸೀ ಆಕೆಯನ್ನು ಎತ್ತಿಕೊಂಡು ತಮ್ಮ ಟ್ರಕ್ಕಿನಲ್ಲಿ ಮಲಗಿಸಿ ಎಸಿ ಹಾಕುತ್ತಾರೆ. ಗೆಳೆಯರ ಸೀಗಡಿಗೆಂದು ತಂದಿದ್ದ ಮಂಜುಗಡ್ಡೆಯ ನೀರಲ್ಲಿ ಹೊದಿಕೆ ಅದ್ದಿ ಹೊದಿಸುತ್ತಾರೆ. ಬಿಸಿಯಾದಂತೆ ಮತ್ತೆ ಅದ್ದುತ್ತಾರೆ. ಆಕೆ ಕಣ್ಣು ಮುಚ್ಚಿಯೇ ಇದ್ದಾರೆ.

ದೂರದಲ್ಲಿ ಸೈರನ್ ಕೇಳುವ ಹೊತ್ತಿಗೆ ಮುದುಕಿ ಕಣ್ಣು ಬಿಡುತ್ತಾರೆ.

"ಮೀನಿನ ನಾತ. ಏನೋ ಮಾಡ್ದೆ, ಅಲ್ಸೀ?"

ತಮ್ಮದೇ ಹೆಸರು ಕೇಳಿ ಅಲ್ಸೀ ಹೊದಿಕೆಯನ್ನು ಇನ್ನೊಮ್ಮೆ ಅದ್ದಿ ಹೊದಿಸುತ್ತಾರೆ.

ಆಂಬುಲೆನ್ಸ್ ಹೋದ ಮೇಲೆ ಏಣಿ ಎತ್ತಿಕೊಂಡು ಪಕ್ಕದ ಮನೆಯತ್ತ ನಡೆಯುತ್ತಾರೆ. ಇಷ್ಟಕ್ಕೆಲ್ಲ ನಿಮಗೇನು ಕೊಡಬೇಕು ಎಂದು ಅಲ್ಲಿಯವರು ಕೇಳಿದರೆ ಏಣಿಯನ್ನು ಗೋಡೆಗೆ ಒರಗಿಸುತ್ತಾರೆ.

"ಗಟ್ಟಿಯಾಗಿತ್ತು ಅಂತ ಎಲ್ರೂ ಹೇಳ್ತಾರೆ. ಒಳಗಿಂದ ನಾನೇ ಸಲೀಸಾಗಿ ತೆಗೆದೆ ಅಂತ ಯಾರಾದ್ರೂ ಒಬ್ರು ಹೇಳಿದ್ರೆ ಸಾಕು."