ಮ್ಯಾಕಲ್ಸ್‌ಫೀಲ್ಡಿಗೆ ಒಂದು ದಿನ

ಅಕ್ಟೋಬರ್ ರಜೆಯಲ್ಲಿ ಒಂದು ದಿನದ ಮಟ್ಟಿಗೆ ಎಲ್ಲಿಗೆ ಹೋಗೋಣ ಎಂದು ನನ್ನ ಗಂಡ ಊಟದ ಹೊತ್ತಿನಲ್ಲಿ ತನ್ನ ತಾಯಿಯನ್ನು ಕೇಳಿದ. ಮೇಜಿನ ಕೆಳಗೆ ಅವನ ಕಾಲು ತುಳಿಯಬೇಕೆನ್ನಿಸಿತು ನನಗೆ. ಆ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಅತ್ತೆಗೆ ಯಾರೂ ಎಂದೂ ಕೇಳಿದವರಲ್ಲ. ಬರ್ಮಿಂಗ್‌ಹ್ಯಾಮಿಗೆ ಬಂದಾಗಿನಿಂದ ಅವರು ನಮ್ಮ ಜೊತೆ ಬಾತ್ ನೋಡಿದ್ದರು, ಸ್ಟ್ರಾಟ್‌ಫರ್ಡ್ ನೋಡಿದ್ದರು, ಬ್ಲ್ಯಾಕ್‌ಪೂಲಿನ ಸಮುದ್ರ ನೋಡಿದ್ದರು. ನೋಡಿದ್ದರು ಅಂದರೆ, ಅಲ್ಲೆಲ್ಲ ಬೆಂಚಿನ ಮೇಲೆ ಕುಳಿತು ನಮ್ಮ ಚೀಲಗಳನ್ನು ಕಾದಿದ್ದರು. ಎಲ್ಲಿಗೆ ಹೋಗುತ್ತಿದ್ದೇವೆಂದು ಅವರಿಗೆ ಕಾರು ಹೊರಟ ಮೇಲೆ ತಿಳಿಯುತ್ತಿತ್ತು.

ಈಗ ಕೇಳಲು ಕಾರಣವಿತ್ತು. ಅತ್ತೆಯ ಹೊಟ್ಟೆಯಲ್ಲಿ ಗಡ್ಡೆ ಸಿಕ್ಕಿತ್ತು, ಅದು ಲಿವರಿಗೂ ಹಬ್ಬಿತ್ತು. ಕ್ಲಿನಿಕ್ಕಿನವರು ಕನ್ನಡ ಬಲ್ಲ ದುಭಾಷಿಯನ್ನು ಕರೆಸುತ್ತೇವೆ ಅಂದಾಗ ನನ್ನ ಗಂಡ, ತಾನೂ ಡಾಕ್ಟರು, ಯಾರೂ ಬೇಡ ಅಂದ. ಅಲ್ಲಿಯ ಡಾಕ್ಟರಮ್ಮ ಅತ್ತೆಯ ಮುಖ ನೋಡುತ್ತ ನಿಧಾನವಾಗಿ ಮಾತಾಡಿದಳು. ಇದು ವಾಸಿಯಾಗುವಂಥದ್ದಲ್ಲ, ಇನ್ನು ಕೆಲವು ತಿಂಗಳುಗಳ ಮಾತು, ನೋವು ಬಾರದಂತೆ ನೋಡಿಕೊಳ್ಳಬಹುದು ಎಂದಳು. ಅವಳು ಮುಗಿಸಿದ ಮೇಲೆ ಮಗ ತಾಯಿಯ ಕಡೆ ತಿರುಗಿ, "ಸಣ್ಣ ಗಂಟು ಐತಂತ ಅವ್ವಾ. ಗುಳಿಗಿ ಕೊಡ್ತಾರ" ಅಂದ. ಅತ್ತೆ ಒಮ್ಮೆ ಡಾಕ್ಟರಮ್ಮನನ್ನೂ ಒಮ್ಮೆ ಮಗನನ್ನೂ ನೋಡಿ "ಆತು" ಅಂದರು. ಅಷ್ಟುದ್ದದ ಮಾತು ಇಷ್ಟು ಗಿಡ್ಡ ಹೇಗಾಯಿತು ಎಂದು ಅವರು ಕೇಳಲಿಲ್ಲ.

ಮನೆಗೆ ಬಂದ ಮೇಲೆ ಗ್ಯಾರೇಜಿನಲ್ಲಿ ನಿಂತು ಗಂಡನ ಜೊತೆ ಜಗಳವಾಡಿದೆ. ಇವನು ತನ್ನ ವಾರ್ಡಿನ ಕಿರಿಯ ಡಾಕ್ಟರುಗಳಿಗೆ ಪಾಠ ಹೇಳುವವನು: ರೋಗಿಯ ಎದುರು ಕುಳಿತುಕೊಳ್ಳಿ, ಕಣ್ಣಲ್ಲಿ ಕಣ್ಣಿಟ್ಟು ಹೇಳಿ, ಬಳಸಿ ಹೇಳಬೇಡಿ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

"ನಮ್ಮ ಕಡೆ ಹಿರ್‍ಯಾರಿಗೆ ಇಂಥಾದ್ದು ಹೇಳೂದಿಲ್ಲ. ಧೈರ್ಯ ಕಳಕೊಂಡಬಿಡ್ತಾಳ" ಅಂದ.

"ಧೈರ್ಯ ಇಲ್ಲದೆ ಇರೋದು ನಿಮಗೆ" ಅಂದೆ.

ಅವರ ಕಡೆ ಅಂತಲ್ಲ, ಮೈಸೂರಿನ ನನ್ನ ತವರಿನಲ್ಲೂ ಹೀಗೆಯೇ. ಸಾಯುವವರೊಬ್ಬರನ್ನು ಬಿಟ್ಟು ಮಿಕ್ಕ ಬೀದಿಗೆಲ್ಲ ಗೊತ್ತಿರುತ್ತದೆ. ಅಳುತ್ತಿದ್ದ ಗಂಡಸಿನ ಜೊತೆ ಎಷ್ಟು ಹೊತ್ತು ಜಗಳವಾಡುವುದು? ನಾನೂ ಬಾಯಿ ಮುಚ್ಚಿಕೊಂಡೆ.

ಹೀಗಾಗಿ ಆ ಊಟದ ಮೇಜು, ಆ ಪ್ರಶ್ನೆ. ಮಗಳು ಫೋನ್ ಹಿಡಿದು ಊರುಗಳನ್ನು ಓದತೊಡಗಿದಳು. ಚೆಸ್ಟರಿನಲ್ಲಿ ನಡೆಯುವುದು ಬಹಳ, ವೇಲ್ಸಿನ ಸಮುದ್ರದ ಊರುಗಳಲ್ಲಿ ಗಾಳಿ ಬಹಳ ಎಂದು ನನ್ನ ಗಂಡ ಒಂದೊಂದನ್ನೇ ತಳ್ಳಿಹಾಕುತ್ತಿದ್ದ. ಎಲ್ಲದರಲ್ಲೂ ಅವನು ಅಳೆಯುತ್ತಿದ್ದದ್ದು ಅಲ್ಲಿಂದ ಆಸ್ಪತ್ರೆ ಎಷ್ಟು ದೂರ ಅನ್ನುವುದನ್ನು. ಅತ್ತೆ ತಟ್ಟೆಯಲ್ಲಿದ್ದ ರೊಟ್ಟಿಯ ಕೊನೆಯ ಚೂರು ತಿಂದು, "ಮ್ಯಾಕಲ್ಸ್‌ಫೀಲ್ಡಿಗೆ ಹೋಗೂಣು" ಅಂದರು.

"ವೈ ದೇರ್, ಅಜ್ಜಿ?" ಅಂದಳು ಮಗಳು.

"ಊರಿಗೊಂದು ದಾರಿ ಆದ್ರ ಎಡವಟ್ಟಗೊಂದು ದಾರಿ" ಎಂದು ನನ್ನ ಗಂಡ ನಕ್ಕ. ಮ್ಯಾಕಲ್ಸ್‌ಫೀಲ್ಡಿನಲ್ಲಿ ನಮಗೆ ಗೊತ್ತಿದ್ದದ್ದು ಔಷಧಿ ಕಾರ್ಖಾನೆ ಒಂದೇ. ಅಲ್ಲಿ ಕೆಲಸಕ್ಕಿದ್ದ, ಬೈಲಹೊಂಗಲದ ಕಡೆಯ ಒಬ್ಬರು ಹೋದ ವರ್ಷ ತೀರಿಕೊಂಡಿದ್ದರು. ಅವರ ಹೆಂಡತಿ ಅತ್ತೆಗೆ ಗೆಳತಿ. ವಾರಕ್ಕೊಮ್ಮೆಯಾದರೂ ಇಬ್ಬರೂ ಫೋನಿನಲ್ಲಿ ಮಾತಾಡುವರು. ಗೆಳತಿಯನ್ನು ನೋಡುವ ಆಸೆ ಇರಬೇಕು ಎಂದುಕೊಂಡೆವು.

ಹೊರಡುವ ದಿನ ಬೆಳಿಗ್ಗೆ ನಾನು ಚಪಾತಿ ಲಟ್ಟಿಸುತ್ತಿದ್ದೆ. ಅತ್ತೆ ಒಲೆಯ ಪಕ್ಕದಲ್ಲಿ ನಿಂತು ಶೇಂಗಾ ಚಟ್ನಿಯನ್ನು ಡಬ್ಬಿಗೆ ತುಂಬುತ್ತ, ತಲೆ ಎತ್ತದೆ ಹೇಳಿದರು: "ಎಂದೂ ಕೇಳಲಾರದಂವ ಈಗ ಕೇಳಾಕತ್ತಾನ ನೋಡವ್ವಾ. ಏನ ತಿಂತಿ, ಎಲ್ಲಿಗೆ ಹೋಗೂಣು, ಏನ ಬೇಕು. ಭಾಳ ಹೆದರಿಕಿ ಆಗ್ತೈತಿ ನನಗ."

"ಹಾಗೇನಿಲ್ಲ ಅತ್ತೆ" ಅಂದೆ. ಲಟ್ಟಣಿಗೆಯ ಕೆಳಗಿದ್ದ ಚಪಾತಿ ಹರಿಯಿತು. ನನಗೆ ನನ್ನ ಮೇಲೇ ಅಸಹ್ಯವಾಯಿತು.

ಮೋಟಾರ್‌ವೇಯಲ್ಲಿ ದಾರಿಯುದ್ದಕ್ಕೂ ಜಿಟಿಜಿಟಿ ಮಳೆ. ಅತ್ತೆಯನ್ನು ಅವತ್ತು ಮುಂದಿನ ಸೀಟಿನಲ್ಲಿ ಕೂರಿಸಿದ್ದೆವು, ಅದೂ ಹೊಸದೇ. ಗೆಳತಿ ಚಹಾ, ಚುಡಾ ಕೊಟ್ಟು ಉಪಚರಿಸಿದರು. ಅತ್ತೆ ಚಹಾ ಕುಡಿದು ಬಟ್ಟಲು ಕೆಳಗಿಟ್ಟು, "ನಿಮ್ಮ ಮನಿಯವರನ್ನ ಇಟ್ಟ ಜಾಗಾ ತೋರಸ್ರೀ" ಅಂದರು.

ನನ್ನ ಗಂಡ ನನ್ನ ಕಡೆ ನೋಡಿದ. ನಾನು ಗೋಡೆಯ ಕಡೆ ನೋಡಿದೆ.

ನನ್ನ ತವರಿನಲ್ಲಿ ಸತ್ತವರನ್ನು ಸುಡುತ್ತಾರೆ. ಅತ್ತೆಯ ಮನೆತನದವರು ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುವವರು. ಅವರಲ್ಲಿ ಸತ್ತವರನ್ನು ಕುಳ್ಳಿರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಸುತ್ತ ವಿಭೂತಿ ತುಂಬಿ ಮಣ್ಣು ಮಾಡುತ್ತಾರೆ. ಆದರೆ ಇಲ್ಲಿ ಅವರ ಪೈಕಿಯ ಎಷ್ಟೋ ಮನೆಗಳಲ್ಲಿ ಸುಲಭವೆಂದು ಸುಟ್ಟುಬಿಡುತ್ತಾರೆ. ಅಂಥ ಒಂದು ಶವಸಂಸ್ಕಾರಕ್ಕೆ ಅತ್ತೆಯನ್ನು ನಾವೇ ಕರೆದೊಯ್ದಿದ್ದೆವು. ಪೆಟ್ಟಿಗೆಯ ಮುಂದೆ ಪರದೆ ಸರಿಯಿತು, ಎಲ್ಲರೂ ಎದ್ದು ಸ್ಯಾಂಡ್‌ವಿಚ್ ತಿನ್ನಲು ಹೋದರು. ಆ ವಾರವೆಲ್ಲ ಅತ್ತೆ ಸರಿಯಾಗಿ ಉಣ್ಣಲಿಲ್ಲ.

ಸ್ಮಶಾನ ಊರಿನ ಅಂಚಿನ ಇಳಿಜಾರಿನಲ್ಲಿತ್ತು. ಹುಲ್ಲು ನೆಂದು ಕಾಲು ಜಾರುತ್ತಿತ್ತು. ಸಮಾಧಿಯ ಕಲ್ಲಿನ ಮೇಲೆ ಇಂಗ್ಲಿಷಿನಲ್ಲಿ ಹೆಸರು, ಅದರ ಮೇಲೆ ಮೂರು ಗೆರೆ ವಿಭೂತಿ ಕೊರೆಸಿದ್ದರು.

"ಕುಂದರಿಸಿದ್ರೇನು?" ಅತ್ತೆ ಕೇಳಿದರು.

"ಇಲ್ರೀ. ಇಲ್ಲಿ ಒಪ್ಪಲಿಲ್ಲ. ಮಲಗಿಸೇವಿ" ಎಂದು ಗೆಳತಿ ತಪ್ಪು ಮಾಡಿದವರಂತೆ ಹೇಳಿದರು.

"ಕೈಯಾಗ ಲಿಂಗ?"

"ಕೊಟ್ಟೀವಿ. ಇಬತ್ತಿ, ಪತ್ರಿ ಎಲ್ಲಾ ಹಾಕೇವಿ. ಸ್ವಾಮಿಗಳು ಫೋನಿನಾಗ ಮಂತ್ರ ಹೇಳಿದ್ರು."

ಅತ್ತೆ ಬಾಗಿ ಒದ್ದೆ ಮಣ್ಣನ್ನು ಬೆರಳಿನಿಂದ ಕೆದಕಿ ನೋಡಿದರು. ಹೊಲ ಕೊಳ್ಳಲು ಬಂದವರು ನೋಡುವ ಹಾಗೆ ಉಜ್ಜಿ ನೋಡಿ, ಕೈ ಒರೆಸಿಕೊಂಡು ಮಗನ ಕಡೆ ತಿರುಗಿದರು.

"ಊರಿಗೆ ಒಯ್ಯೂದು ಬ್ಯಾಡ. ಅಲ್ಲಿ ಹೊಲಾ ಮಾರೇವಿ, ನನ್ನ ಯಾರ ಹೊಲದಾಗ ಇಡ್ತಿ? ಕುಂದರಸೂದೂ ಬ್ಯಾಡ, ಮಲಗಿಸಿದ್ರೂ ನಡೀತೈತಿ. ನನಗೊಂದ ಹೇಳು. ಮಣ್ಣ ಮಾಡ್ತಿಯೋ, ಸುಡ್ತಿಯೋ?"

"ಅವ್ವಾ, ಈಗ್ಯಾಕ ಈ ಮಾತು? ನಿನಗೇನೂ ಆಗಿಲ್ಲ, ಸಣ್ಣ ಗಂ..."

"ಅದನ್ನ ಕೇಳಲಿಲ್ಲೋ ನಾ."

ಮಗಳು ನನ್ನ ತೋಳು ಹಿಡಿದುಕೊಂಡಳು. ಅವಳಿಗೂ ನಾವು ಹೇಳಿರಲಿಲ್ಲ. ಅಜ್ಜಿಯ ಮಾತು ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಕೊಡಲು ಮಾತ್ರ ಇಂಗ್ಲಿಷು. ಅವಳು ಬಿಕ್ಕತೊಡಗಿದಳು. ನಾನು ಗಂಡನನ್ನೇ ನೋಡುತ್ತಿದ್ದೆ. ಹೇಳು, ಇನ್ನಾದರೂ ಹೇಳು ಎಂದು ಮನಸ್ಸಿನಲ್ಲೇ ಬೈಯುತ್ತಿದ್ದೆ.

"ಮಣ್ಣ ಮಾಡ್ತೀನವ್ವಾ" ಅಂದ ಅವನು.

ಅತ್ತೆ ಕೈ ನೀಡಿ, ಮಳೆಗೆ ತೊಯ್ದಿದ್ದ ಅವನ ಹಣೆಯನ್ನು ಸೆರಗಿನಿಂದ ಒರೆಸಿದರು.

"ಎಷ್ಟ ದಿನಾ ಅಂತ ಕೇಳೂದಿಲ್ಲ" ಅಂದರು. "ಕೇಳಿದ್ರ ಮತ್ತ ಸುಳ್ಳ ಹೇಳ್ತಿ."