ನಾನೂರ ಆರರ ಮಾಲೀಕರಿಗೆ ಸ್ವಾಗತ

ಬೆಳಗಿನ ಐದಕ್ಕೆ ಇನ್ನೂ ಐದು ನಿಮಿಷ ಬಾಕಿ. ಹದಿನಾರು ಅಂತಸ್ತಿನ ಕಟ್ಟಡದ ನೆಲಮಾಳಿಗೆಗೆ ಮೂವತ್ತೆಂಟು ಮೆಟ್ಟಿಲು ಇಳಿದು ಬಂದ ಮಹಿಳೆ ಗಾಜಿನ ಬಾಗಿಲ ಮುಂದೆ ನಿಂತು ಮೊದಲು ಕಿವಿಗೊಡುತ್ತಾರೆ. ಒಳಗೆ ಪಂಪಿನ ಸದ್ದು ಬಿಟ್ಟರೆ ಬೇರೇನಿಲ್ಲ. ಎಂಟು ದೀಪಗಳಲ್ಲಿ ಒಂದನ್ನು ಮಾತ್ರ ಹಾಕಿ, ಗೋಡೆಯ ಗುಂಡಿ ಒತ್ತುತ್ತಾರೆ. ಇಪ್ಪತ್ತು ಮೀಟರ್ ಉದ್ದದ ನೀಲಿ ಹೊದಿಕೆ ಕಿರುಗುಟ್ಟುತ್ತಾ ಉರುಳೆಗೆ ಸುತ್ತಿಕೊಳ್ಳುತ್ತದೆ. ಕೆಳಗಿನ ಬೆಚ್ಚನೆಯ ನೀರಿನಿಂದ ಹಬೆ ಮೇಲೇಳುತ್ತದೆ. ಗಾಳಿಯಾಡದ ಜಾಗ ಅದು. ಆದರೂ ನೀರು ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ನಿಧಾನವಾಗಿ ಹೊರಳುತ್ತದೆ.

"ಮಲಗಿದ್ದೋರು ಎದ್ದ ಹಾಗಿರುತ್ತೆ ನೋಡಿ," ಎನ್ನುತ್ತಾರೆ ಅವರು. "ಹನ್ನೊಂದು ವರ್ಷ ಆಯ್ತು. ಇವತ್ತಿಗೂ ನಾನು ಇದಕ್ಕೆ ಬೆನ್ನು ಹಾಕಿ ನಿಲ್ಲಲ್ಲ."

ಅವರು ಈ ಕಟ್ಟಡದ ಈಜುಕೊಳ ನೋಡಿಕೊಳ್ಳುವವರು. ವಯಸ್ಸು ಐವತ್ತೆರಡು. ಮಕ್ಕಳಿಂದ ಮುದುಕರವರೆಗೆ ಎಲ್ಲರಿಗೂ ಅವರು ಕೊಳದಕ್ಕ. ಉದ್ದ ಕೋಲಿನ ಜಾಲರಿಯಿಂದ ಕೂದಲು, ದಾರ, ಸತ್ತ ಹುಳ ತೆಗೆಯುವುದು, ದಿನಕ್ಕೆ ಮೂರು ಸಲ ನೀರನ್ನು ಪುಟ್ಟ ಗಾಜಿನ ನಳಿಕೆಯಲ್ಲಿ ಹಿಡಿದು ಬಣ್ಣ ನೋಡುವುದು, ಅಂಚಿನ ನಾನೂರ ಹತ್ತು ಟೈಲು ತಿಕ್ಕುವುದು, ಎಲ್ಲ ಅವರದೇ. ಟೈಲು ಎಣಿಸಿದ್ದು ಯಾಕೆ ಎಂದರೆ, "ಇಲ್ಲಿ ಒಬ್ಬಳೇ ಇರುವಾಗ ಏನಾದ್ರೂ ಎಣಿಸ್ತಾ ಇರ್ಬೇಕು. ಇಲ್ದಿದ್ರೆ ಬೇರೆ ಏನೇನೋ ಕೇಳಿಸುತ್ತೆ," ಎಂದು ನಗುತ್ತಾರೆ. ಈಜು ಬರುತ್ತದೆಯೇ ಎಂದು ಕೇಳಿ ನೋಡಿ, ಆ ನಗು ಇನ್ನೂ ಜೋರಾಗುತ್ತದೆ. ಕಾಲು ನೆಲ ಬಿಟ್ಟರೆ ಜೀವ ಬಾಯಿಗೆ ಬರುವ ಹೆಂಗಸು ಅವರು.

ಕಟ್ಟಡದಲ್ಲಿ ತೊಂಬತ್ತಾರು ಮನೆ. ಇಪ್ಪತ್ತೊಂಬತ್ತರಲ್ಲಿ ಬಾಡಿಗೆದಾರರಿದ್ದಾರೆ. ಕೊಳ, ವ್ಯಾಯಾಮದ ಕೋಣೆ, ಮೇಲಿನ ತೋಟ, ಎಲ್ಲಕ್ಕೂ ಕಾರ್ಡು ಬೇಕು. ಇತ್ತೀಚಿನವರೆಗೂ ಕಾರ್ಡು ಮಾಲೀಕರ ಹೆಸರಿನಲ್ಲೇ ಇರುತ್ತಿತ್ತು. ಬಾಡಿಗೆಯವರು ಕೊಳಕ್ಕಿಳಿಯಬೇಕಾದರೆ ಮಾಲೀಕರು "ನನ್ನ ಹಕ್ಕು ಇವರಿಗೆ ಬಿಟ್ಟಿದ್ದೇನೆ" ಎಂದು ಕಟ್ಟಡದ ಸಂಘಕ್ಕೆ ಪತ್ರ ಬರೆದುಕೊಡಬೇಕಿತ್ತು. ಊರೂರು ಸುತ್ತುವ ಮಾಲೀಕರಿಗೆ ಅದಕ್ಕೆಲ್ಲ ಎಲ್ಲಿಯ ಪುರುಸೊತ್ತು? ಕಾರ್ಡನ್ನು ಬೀಗದ ಕೈ ಜೊತೆ ಬಾಡಿಗೆಯವರ ಅಂಗೈಗೆ ಹಾಕಿ ಹೋಗುತ್ತಿದ್ದರು. ಹೀಗಾಗಿ ಬಾಗಿಲಿನ ಯಂತ್ರಕ್ಕೆ ಯಾರು ಕಾರ್ಡು ತೋರಿಸಿದರೂ ಅದು ಮಾಲೀಕರನ್ನೇ ಕರೆಯುತ್ತಿತ್ತು. ಪುಟ್ಟ ಪರದೆಯಲ್ಲಿ ಅವರ ಫೋಟೊ ಬೆಳಗುತ್ತಿತ್ತು. ಕೊಳದಕ್ಕನ ದಾಖಲೆ ಪುಸ್ತಕದಲ್ಲೂ ಅದೇ ಹೆಸರು ಏರುತ್ತಿತ್ತು.

"ಈ ಪುಸ್ತಕದಲ್ಲಿ ಇರೋರು ಯಾರೂ ಇಲ್ಲಿಗೆ ಬಂದಿಲ್ಲ. ಇಲ್ಲಿಗೆ ಬಂದೋರು ಯಾರೂ ಈ ಪುಸ್ತಕದಲ್ಲಿಲ್ಲ," ಎಂದು ಬೆಳಗಿನ ಆರಕ್ಕೆ ಮುಂಚಿನ ಹಳೆಯ ದಾಖಲೆಗಳ ಪುಟ ತಿರುವಿ ತೋರಿಸುತ್ತಾರೆ ಅವರು.

ಅದರಲ್ಲಿ ನಾನೂರ ಆರನೇ ಮನೆಯದು ಬೇರೆಯೇ ಕತೆ. ಆ ಮನೆಯ ಮಾಲೀಕರು, ಕನ್ನಡಕದ ನಗುಮುಖದ ಮನುಷ್ಯ, ದಿನಾ ಬೆಳಗ್ಗೆ ಒಬ್ಬರೇ ಬಂದು ಈಜುತ್ತಿದ್ದರು. ಕೆಲಸದ ಮೇಲೆ ಬೇರೆ ಊರಿಗೆ ಹೋಗುವಾಗ ಮನೆಯನ್ನು ಒಬ್ಬ ಬಸ್ ಚಾಲಕರ ಕುಟುಂಬಕ್ಕೆ ಬಾಡಿಗೆಗೆ ಕೊಟ್ಟರು. ವಾಪಸು ಬಂದ ಮೇಲೆ ಸಂಘಕ್ಕೆ ಪತ್ರ ಬರೆದುಕೊಡುತ್ತೇನೆ ಅಂದಿದ್ದರು. ಬರಲಿಲ್ಲ. ಅಲ್ಲೇ ಆಸ್ಪತ್ರೆಯಲ್ಲಿ ತೀರಿಕೊಂಡು ಈಗ ಒಂದೂವರೆ ವರ್ಷ. ಮನೆ ಯಾರಿಗೆಂದು ಅವರ ಅಣ್ಣ, ತಂಗಿ ಜಗಳವಾಡುತ್ತಿದ್ದಾರೆ. ಸಹಿ ಹಾಕುವವರಿರಲಿಲ್ಲ, ಕಾರ್ಡು ರದ್ದು ಮಾಡಿ ಎನ್ನುವವರೂ ಇರಲಿಲ್ಲ.

ಹಾಗಾಗಿ ದಿನಾ ಐದೂ ಹತ್ತಕ್ಕೆ ಸತ್ತವರ ನಗುಮುಖ ಪರದೆಯಲ್ಲಿ ಬೆಳಗುತ್ತಿತ್ತು. "ನಾನೂರ ಆರರ ಮಾಲೀಕರಿಗೆ ಸ್ವಾಗತ," ಎನ್ನುತ್ತಿತ್ತು ಯಂತ್ರದ ಹೆಣ್ಣುಧ್ವನಿ. ಒಳಗೆ ಬರುತ್ತಿದ್ದವರು ಬಸ್ ಚಾಲಕರ ತಾಯಿ. ಎರಡು ವರ್ಷದ ಹಿಂದೆ ಅವರಿಗೆ ಪಾರ್ಶ್ವವಾಯು ಬಡಿದು ಎಡಗಾಲು ಮರದ ಕೊರಡಾಯಿತು, ಮಾತು ನಿಂತೇಹೋಯಿತು. ವೈದ್ಯರು ಬೆಚ್ಚನೆಯ ನೀರಿನಲ್ಲಿ ನಡೆಸಿ ಎಂದಿದ್ದಾರೆ. ನೆಲದ ಮೇಲೆ ಒಂದು ಹೆಜ್ಜೆಗೂ ಒದ್ದಾಡುವ ಮುದುಕಿ ನೀರಲ್ಲಿ ಕಂಬಿ ಹಿಡಿದು ಹದಿನೈದು ಹೆಜ್ಜೆ ಹಾಕುತ್ತಾರೆ. ಮಗ ಅವರನ್ನು ಕೊಳದ ಮೆಟ್ಟಿಲಿಳಿಸಿ, ಕಂಬಿ ಹಿಡಿಸಿ ಕೆಲಸಕ್ಕೆ ಓಡುತ್ತಾರೆ, ಐದೂ ಮುಕ್ಕಾಲಿಗೆ ಸೊಸೆ ಬಂದು ಕರೆದೊಯ್ಯುತ್ತಾರೆ. ಒಳಗೆ ಬರುವ ಮುಂಚೆ ಮುದುಕಿ ಪರದೆಯ ಕಡೆ ತಿರುಗಿ, ಪರಿಚಯದವರಿಗೆ ತಲೆಯಾಡಿಸುವಂತೆ ಆ ಫೋಟೊಗೆ ತಲೆಯಾಡಿಸುತ್ತಿದ್ದರು. ಅದನ್ನು ನೋಡಿದಾಗಲೆಲ್ಲ ಕೊಳದಕ್ಕ ಆ ಕಡೆ ತಿರುಗಿ ಅಂಚಿನ ಟೈಲು ಎಣಿಸತೊಡಗುತ್ತಿದ್ದರು.

ನಿಯಮದ ಪ್ರಕಾರ ಕೊಳದಕ್ಕ ಇಂಥವರನ್ನು ಬಾಗಿಲಲ್ಲೇ ವಾಪಸು ಕಳಿಸಬೇಕಿತ್ತು. ಕಳಿಸುತ್ತಿರಲಿಲ್ಲ. ಆರಕ್ಕೆ ಮಾಲೀಕರ ಹೊತ್ತು ಶುರುವಾಗುವ ಮುಂಚೆ, ತಾವು ನೀರು ಶುಚಿ ಮಾಡುವ ಅರ್ಧ ಮುಕ್ಕಾಲು ಗಂಟೆಯಲ್ಲಿ, ನಾಲ್ಕು ಬಾಡಿಗೆ ಮನೆಯವರನ್ನು ಒಳಗೆ ಬಿಟ್ಟುಕೊಳ್ಳುತ್ತಿದ್ದರು. ಕೊಳದಕ್ಕನದೂ ಬಾಡಿಗೆ ಮನೆಯೇ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿರುವ ಮಗಳ ಜೊತೆ ಒಂದೇ ಕೋಣೆಯಲ್ಲಿ ವಾಸ. "ನಮ್ಮ ಓನರಮ್ಮ ಟೆರೇಸಿಗೆ ಬೀಗ ಹಾಕ್ಕೊಂಡಿದ್ದಾರೆ. ಬಿಸಿಲು ಕೂಡ ಅವರದ್ದೇ ಅನ್ನೋ ಹಾಗೆ. ನಾವಿಬ್ರೂ ಒದ್ದೆ ಬಟ್ಟೆ ಕೆಳಗೇ ಮಲಗ್ತೀವಿ," ಎನ್ನುತ್ತಾರೆ.

ಇನ್ನು ಆಗಿನ ಅವರ ಕೆಲಸದ ಒಂದು ರೂಢಿ. ಕೊಳದಲ್ಲಿ ಎಷ್ಟು ಜನರಿದ್ದಾರೆಂದು ತಿಳಿಯಲು ಅವರು ಯಂತ್ರವನ್ನಾಗಲಿ, ಹಬೆ ತುಂಬಿದ ನೀರನ್ನಾಗಲಿ ನಂಬುತ್ತಿರಲಿಲ್ಲ. ಬಾಗಿಲ ಪಕ್ಕದ ಸ್ಟ್ಯಾಂಡಿನಲ್ಲಿ ಚಪ್ಪಲಿ ಎಣಿಸುತ್ತಿದ್ದರು. ಸ್ಟ್ಯಾಂಡು ಖಾಲಿಯಾದರೆ ಕೊಳ ಖಾಲಿ. ಕೈ ತಾನಾಗಿ ಹೊದಿಕೆಯ ಗುಂಡಿಗೆ ಹೋಗುತ್ತಿತ್ತು. ಶುಚಿ ಮುಗಿದ ಕೂಡಲೇ ಹೊದಿಕೆ ಎಳೆಯಬೇಕು, ಮಾಲೀಕರು ಬರುವವರೆಗೆ ನೀರಿನ ಬಿಸಿ ಆರಬಾರದು ಎಂಬುದು ಸಂಘದ ಕಾರ್ಯದರ್ಶಿಯ ಕಟ್ಟಪ್ಪಣೆ. ಆ ಕಾರ್ಯದರ್ಶಿ ಒಮ್ಮೊಮ್ಮೆ ಬೆಳಗ್ಗೆಯೇ ಇಣುಕಿ ನೋಡುವ ಆಸಾಮಿ. ಅವರ ಕಣ್ಣಿಗೆ ಬೀಳದಿರಲೆಂದು ಬಾಡಿಗೆಯವರಿಗೆ ಕೊಳದಕ್ಕನೇ ಒಂದು ಉಪಾಯ ಹೇಳಿಕೊಟ್ಟಿದ್ದರು. ಚಪ್ಪಲಿಯನ್ನು ಸ್ಟ್ಯಾಂಡಿನಲ್ಲಿ ಬಿಡಬೇಡಿ, ಚೀಲಕ್ಕೆ ಹಾಕಿ ಬಟ್ಟೆ ಬದಲಿಸುವ ಕೋಣೆಯ ಕಪಾಟಿನ ಹಿಂದೆ ಇಡಿ.

ಮೂರು ತಿಂಗಳ ಹಿಂದಿನ ಆ ಬೆಳಗ್ಗೆಯ ಬಗ್ಗೆ ಕೇಳಿದರೆ ಕೊಳದಕ್ಕ ಕೈಯಲ್ಲಿದ್ದ ಜಾಲರಿಯನ್ನು ಗೋಡೆಗೆ ಒರಗಿಸಿ ಕೂರುತ್ತಾರೆ. ಅಂದು ಫಿಲ್ಟರ್ ತೊಳೆಯುವ ದಿನ. ಪಂಪಿನ ಕೋಣೆಯಲ್ಲಿ ಕಿವಿ ಗಡಚಿಕ್ಕುವ ಸದ್ದು. ಜ್ವರದಿಂದ ಮುದುಕಿ ಮೂರು ದಿನ ಬಂದಿರಲಿಲ್ಲ, ಅಂದೂ ಬರಲಾರರೆಂದು ಕೊಳದಕ್ಕ ಅಂದುಕೊಂಡಿದ್ದರು. ಉಳಿದ ಮೂರು ಮನೆಯವರೂ ಅಂದು ಬಂದಿರಲಿಲ್ಲ. ಐದೂವರೆ ದಾಟಿದ ಮೇಲೆ ಹೊರಗೆ ಬಂದು ಸ್ಟ್ಯಾಂಡು ನೋಡಿದರು. ಖಾಲಿ. ಗುಂಡಿ ಒತ್ತಿದರು.

"ಹೊದಿಕೆ ಮುಕ್ಕಾಲು ಪಾಲು ಹೋಗಿತ್ತು. ಆಗ ಬಾಗಿಲ ಹತ್ರ ಯಂತ್ರ ಮಾತಾಡ್ತು, ನಾನೂರ ಆರರ ಮಾಲೀಕರಿಗೆ ಸ್ವಾಗತ ಅಂತ. ಅಯ್ಯೋ, ಆಯಮ್ಮ ಈಗ ಬಂದ್ರಲ್ಲ, ಇನ್ನೊಂದು ಹತ್ತು ನಿಮಿಷ ತೆಗೆದಿಡೋಣ ಅಂತ ಮೋಟರ್ ನಿಲ್ಲಿಸ್ದೆ. ಬಾಗಿಲ ಕಡೆ ನೋಡ್ತಾ ನಿಂತೆ. ಬಾಗಿಲು ತೆರೀಲಿಲ್ಲ. ಗಾಜಿನ ಆಚೆ ಯಾರೂ ಇಲ್ಲ. ಪರದೇಲಿ ಅವರ ಫೋಟೊ ಮಾತ್ರ ನಗ್ತಾ ಇತ್ತು."

ಮೋಟರ್ ನಿಂತ ಮೌನದಲ್ಲಿ ಒಂದು ಸದ್ದು. ಟಪ್, ಟಪ್. ಒಳಗಿನಿಂದ ಯಾರೋ ಬಾಗಿಲು ತಟ್ಟುವ ಹಾಗೆ. ಸದ್ದು ಬಂದದ್ದು ಬಾಗಿಲಿನಿಂದಲ್ಲ, ನೀಲಿ ಹೊದಿಕೆಯ ಅಡಿಯಿಂದ. ದೂರದ ಮೂಲೆಯಲ್ಲಿ, ಕಂಬದ ಮರೆಯ ಮೆಟ್ಟಿಲ ಹತ್ತಿರ, ಹೊದಿಕೆ ಒಂದು ತಲೆಯಷ್ಟು ಉಬ್ಬಿ ಇಳಿಯುತ್ತಿತ್ತು.

ಮುದುಕಿ ಎಂದಿನಂತೆ ಐದೂ ಹತ್ತಕ್ಕೇ ಬಂದಿದ್ದರು. ಫಿಲ್ಟರಿನ ಗದ್ದಲದಲ್ಲಿ ಕೊಳದಕ್ಕನಿಗೆ ಕೇಳಿಸಿರಲಿಲ್ಲ. ಹೇಳಿಕೊಟ್ಟ ಪ್ರಕಾರ ಚಪ್ಪಲಿ ಕಪಾಟಿನ ಹಿಂದಿತ್ತು. ಕೂಗಿಕೊಳ್ಳಲು ಆ ಬಾಯಲ್ಲಿ ಮಾತಿರಲಿಲ್ಲ.

ಈಜು ಬಾರದ ಕೊಳದಕ್ಕ ಆ ಮೂಲೆಯ ಮೆಟ್ಟಿಲಿನಿಂದ, ಹಾಕಿಕೊಂಡ ಸಮವಸ್ತ್ರದಲ್ಲೇ ನೀರಿಗಿಳಿದರು. ಎದೆಮಟ್ಟದ ನೀರು. ಭಾರದ ಹೊದಿಕೆಯನ್ನು ತಲೆಯಿಂದ ಎತ್ತಿ, ಕತ್ತಲಲ್ಲಿ ಕೈಯಾಡಿಸಿ ತೋಳು ಹಿಡಿದು ಎಳೆದರು. "ಆಯಮ್ಮನ ಒಂದು ಕೈ ಕಂಬಿ ಬಿಟ್ಟಿರಲೇ ಇಲ್ಲ. ಬೆರಳು ಒಂದೊಂದಾಗಿ ಬಿಡಿಸಿದೆ. ಮೇಲೆ ಬಂದು ಕೆಮ್ಮಿದ್ರು ನೋಡಿ, ಆಗ ನಾನು ಅತ್ತೆ. ನನ್ನ ಕೈಯಾರೆ ಮುಚ್ಚಿದ್ದೆ ಅವರನ್ನ."

ಯಂತ್ರದವರು ಬಂದು ಪರೀಕ್ಷಿಸಿದರು. ದಾಖಲೆಯಲ್ಲಿ ಅಂದು ನಾನೂರ ಆರಕ್ಕೆ ಒಂದೇ ಪ್ರವೇಶ, ಐದೂ ಹತ್ತರದು. ಕಾರ್ಡು ಮುದುಕಿಯ ಚೀಲದಲ್ಲಿ ಭದ್ರವಾಗಿತ್ತು. ಮೋಟರ್ ಓಡುವಾಗ ವಿದ್ಯುತ್ತು ಏರಿಳಿದರೆ ಯಂತ್ರ ಹಿಂದಿನ ಮಾತನ್ನೇ ಮತ್ತೆ ಆಡುವುದುಂಟು ಎಂದರು. ಇರಬಹುದು. ಆದರೆ ಆ ಮೋಟರ್ ಹನ್ನೊಂದು ವರ್ಷದಿಂದ ದಿನಾ ಓಡುತ್ತಿದೆ, ಯಂತ್ರ ಹಾಗೆ ಮಾತಾಡಿದ್ದು ಅದೊಂದೇ ದಿನ ಎಂದು ಕೊಳದಕ್ಕ ಹೇಳುತ್ತಾರೆ. ಅದಕ್ಕಿಂತ ಹೆಚ್ಚಿಗೆ ಏನನ್ನೂ ಹೇಳುವುದಿಲ್ಲ.

ಕಾರ್ಯದರ್ಶಿ ಕೆಟ್ಟವರಲ್ಲ. ಸಂಘದ ಸಭೆಗೆ ಒಂದು ವಾರ ಮುಂಚೆ ಕೊಳದಕ್ಕನನ್ನು ಪಕ್ಕಕ್ಕೆ ಕರೆದು, "ಬಾಡಿಗೆಯವರು ನಿನಗೆ ಗೊತ್ತಿಲ್ದೆ ನುಗ್ಗಿದ್ರು ಅಂತ ಬರ್ಕೊಡು. ಕೆಲಸ ಉಳಿಯುತ್ತೆ," ಎಂದರು. ಬರೆದುಕೊಟ್ಟರೆ ಕೆಲಸವೇನೋ ಉಳಿಯುತ್ತದೆ. ಆದರೆ ಮುದುಕಿಗೆ ಮತ್ತೆಂದೂ ನೀರಿಲ್ಲ, ಬಸ್ ಚಾಲಕರಿಗೆ ಮನೆಯೂ ಉಳಿಯುವುದಿಲ್ಲ. ಕೊಳದಕ್ಕ ಒಂದು ವಾರ ಖಾಲಿ ಕಾಗದವನ್ನು ಚೀಲದಲ್ಲಿಟ್ಟುಕೊಂಡೇ ಓಡಾಡಿದರು. ಕೊನೆಗೆ ಸಭೆಯಲ್ಲಿ ಅರವತ್ತು ಜನರೆದುರು ಎದ್ದು ನಿಂತು, "ನುಗ್ಗಿಲ್ಲ, ನಾನೇ ಬಿಟ್ಟಿದ್ದು. ಚಪ್ಪಲಿ ಬಚ್ಚಿಡೋಕೆ ಹೇಳಿದ್ದೂ ನಾನೇ. ಇಲ್ಲಿ ಯಾರಿದ್ದಾರೆ ಅಂತ ನಿಮ್ಮ ಕಾಗದಕ್ಕೆ ಗೊತ್ತಿಲ್ಲ, ಅದಕ್ಕೇ ನಂಗೂ ಗೊತ್ತಾಗ್ಲಿಲ್ಲ," ಎಂದರು.

ಕೈ ಎತ್ತಿಸಿ ಎಣಿಸಿದಾಗ ಮೂರೇ ಮೂರು ಕೈಗಳ ಅಂತರದಲ್ಲಿ ನಿಯಮ ಬದಲಾಯಿತು. ಈಗ ಮನೆಯಲ್ಲಿ ವಾಸ ಇರುವವರ ಹೆಸರಿಗೇ ಕಾರ್ಡು. ನಾನೂರ ಆರಕ್ಕೆ ಪರದೆಯಲ್ಲಿ ಮುದುಕಿಯ ಮುಖ ಬರುತ್ತದೆ. ಮೊದಲ ದಿನ ಅವರು ತಮ್ಮ ಫೋಟೊವನ್ನೇ ಬಹಳ ಹೊತ್ತು ನೋಡಿ, ಆಮೇಲೆ ಅದರ ಹಿಂದೆ ಯಾರನ್ನೋ ಹುಡುಕುವಂತೆ ಇಣುಕಿದರಂತೆ. ಕೊಳದಕ್ಕನ ಕೈಗೆ ಎಚ್ಚರಿಕೆ ಪತ್ರ ಬಂದಿದೆ. ಇನ್ನೊಂದು ತಪ್ಪಾದರೆ ಮನೆಗೆ. ಅದರ ಬಗ್ಗೆ ಅವರಿಗೆ ದೂರಿಲ್ಲ. "ಕೊಟ್ಟಿದ್ದು ಸರಿ. ಇನ್ನೂ ಜೋರಾಗಿ ಬೈಬೇಕಿತ್ತು," ಎನ್ನುತ್ತಾರೆ.

ಐದೂ ಮುಕ್ಕಾಲು. ಸೊಸೆಯ ಹೆಗಲಿಗೆ ಕೈ ಹಾಕಿ ಮುದುಕಿ ಹೊರಟಿದ್ದಾರೆ. ಕೊಳದಕ್ಕ ಈಗ ಎಂಟೂ ದೀಪ ಹಾಕಿ ಕೊಳವನ್ನು ಒಂದು ಸುತ್ತು ಬರುತ್ತಾರೆ. ಆಮೇಲೆ ಗುಂಡಿಯ ಮೇಲೆ ಬೆರಳಿಟ್ಟು, ಖಾಲಿ ನೀರಿನ ಕಡೆ ಮುಖ ಮಾಡಿ, ಗಟ್ಟಿಯಾಗಿ ಕೂಗುತ್ತಾರೆ: "ಯಾರಿದ್ದೀರಾ?" ಹೊಸ ರೂಢಿ ಇದು. ಮೂರು ಸಲ ಕೂಗಿ, ಪ್ರತಿ ಸಲವೂ ಇಪ್ಪತ್ತು ಎಣಿಸುವವರೆಗೆ ಕಾಯುತ್ತಾರೆ. ಹೋದ ವಾರ ಇದನ್ನು ಕೇಳಿದ ಒಬ್ಬ ಮಾಲೀಕರು, ಯಾರೂ ಕಾಣದ ನೀರಿನ ಜೊತೆ ಮಾತಾಡ್ತೀಯಲ್ಲ, ಒಳಗಿಂದ ಓ ಅಂದ್ರೆ ಏನು ಮಾಡ್ತೀಯಾ ಎಂದು ತಮಾಷೆ ಮಾಡಿದರಂತೆ.

ಕೊಳದಕ್ಕ ನಗಲಿಲ್ಲ.

"ಮಾಲೀಕರೋ, ಬಾಡಿಗೆಯೋರೋ, ಬದುಕಿರೋರೋ, ಸತ್ತೋರೋ, ನಾನು ಕೇಳಲ್ಲ ಸಾರ್ ಅಂದೆ. ಅವರು ಮೇಲೆ ಬರೋವರೆಗೂ ಮುಚ್ಚಲ್ಲ."